ಮೂಕ ಹತ್ತಿ

ನಲವತ್ತು ಪತಂಗಗಳನ್ನು ಬಲೆಮನೆಯೊಳಗೆ ಬಿಟ್ಟು ಅಲ್ಲಿನ ಆಳು ಮಾಬೂಸಾಬ ಕಪ್ಪು ಪರದೆ ಎಳೆದ. ಕೆಂಪು ದೀಪವೊಂದೇ ಉಳಿಯಿತು. ಪತಂಗಕ್ಕೆ ಕೆಂಪು ಬೆಳಕು ಕಾಣುವುದಿಲ್ಲ, ಅದರ ಪಾಲಿಗೆ ಅದು ಕಗ್ಗತ್ತಲೆ. ಬಲೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಮೂವತ್ತು ಜನ ಶಾಲಾ ಶಿಕ್ಷಕರಿಗೆ ಮಾತ್ರ ಎಲ್ಲ ಕಾಣುತ್ತಿತ್ತು.

ಬಲೆಯೊಳಗೆ ಎರಡು ಕುಂಡ. ಎಡಗಡೆಯದರಲ್ಲಿ ಹಳೆಯ ಕಾಲದ ಹತ್ತಿ ಗಿಡ. ಎಲೆಯೆಲ್ಲ ಜರಡಿ, ಕಾಯಿಗೆಲ್ಲ ತೂತು. ಬಲಗಡೆಯದರಲ್ಲಿ ಹೊಸ ಗಿಡ. ಅಂಗೈ ಅಗಲದ ಎಲೆ, ನಿಂಬೆಹಣ್ಣಿನ ಗಾತ್ರದ ಕಾಯಿ, ಎಲ್ಲಿಯೂ ಒಂದು ಕಲೆಯಿಲ್ಲ. ಪತಂಗಗಳು ಎರಡು ಸುತ್ತು ಹಾರಿ ಒಂದೊಂದಾಗಿ ಎಡಗಡೆಯ ಗಿಡಕ್ಕೆ ಇಳಿದವು. ಬಲಗಡೆಯ ಗಿಡದ ಎಲೆಗೆ ರೆಕ್ಕೆ ತಾಗಿಸಿಕೊಂಡು ಹೋದವು ಕೂಡ ಅಲ್ಲಿ ನಿಲ್ಲಲಿಲ್ಲ. ಕಲ್ಲುಕಂಬ ದಾಟಿದಂತೆ ದಾಟಿ ಹೋದವು.

ಶಿಕ್ಷಕರು ಚಪ್ಪಾಳೆ ತಟ್ಟಿದರು. ಎಡಗಡೆಯ ಗಿಡದ ಅವತಾರ ನೋಡಿ ಒಬ್ಬರು ನಕ್ಕರು. ಡಾ. ಕಸ್ತೂರಿ ಹಲಗೇರಿ ಬೆಂಚಿನ ತುದಿಯಲ್ಲಿ ನಿಂತು ಆಕಳಿಕೆ ನುಂಗಿಕೊಂಡಳು. ಎಂಟು ವರ್ಷದಿಂದ ಇದೇ ಆಟ, ಇದೇ ಚಪ್ಪಾಳೆ, ಇದೇ ನಗು.

"ಗಿಡಗಳೂ ಮಾತಾಡ್ತಾವ್ರಿ," ಎಂದು ಅವಳು ಬಾಯಿಪಾಠವಾದ ಮಾತನ್ನು ಶುರುಮಾಡಿದಳು. "ಅವುಗಳ ಮಾತಂದ್ರ ವಾಸನಿ. ಹಳೇ ಹತ್ತಿ ಎಲಿ ಬೆಳಕಿಗೆ ಹಿಡದ ನೋಡ್ರಿ, ಸಾಸವಿಗಿಂತ ಸಣ್ಣ ಸಣ್ಣ ಕರೀ ಚುಕ್ಕಿ ಕಾಣತಾವ. ಅವು ವಾಸನಿ ಚೀಲ. ಅಲ್ಲಿಂದ ಹೊಂಟ ವಾಸನಿ ಹಿಡಕೊಂಡ ಪತಂಗ ಬರತೈತಿ, ತತ್ತಿ ಇಡತೈತಿ, ಹುಳಾ ಹುಟ್ಟಿ ಕಾಯಿ ಕೊರಿತೈತಿ. ನಾವು ಆ ಚೀಲ ಕಟ್ಟೂ ಜೀನು ಹುಡುಕಿ ಬಾಯಿ ಮುಚ್ಚಿಸೇವಿ. ಈ ಹೊಸಾ ಗಿಡ ಬಾಯೇ ಬಿಡೂದಿಲ್ಲ. ಎದುರಿಗೇ ನಿಂತಿದ್ರೂ ಹುಳಕ್ಕ ಅದು ಗೊತ್ತಾಗೂದಿಲ್ಲ."

"ಔಷಧ ಹೊಡಿಯೂದ ಬ್ಯಾಡೇನ್ರಿ?" ಎಂದು ಒಬ್ಬರು ಕೇಳಿದರು. ಪ್ರತಿ ಸಲವೂ ಯಾರಾದರೂ ಒಬ್ಬರು ಕೇಳುತ್ತಿದ್ದರು.

"ಒಂದ ಹನಿ ಬ್ಯಾಡ."

ಈ ಮಾತು ಹೇಳುವಾಗ ಮಾತ್ರ ಅವಳಿಗೆ ಆಯಾಸ ಮರೆಯುತ್ತಿತ್ತು. ಅವಳ ತಾಯಿ ರಾಣೆಬೆನ್ನೂರಿನ ಸುತ್ತಲಿನ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನ ಹೆಬ್ಬೆರಳ ಉಗುರಿನಿಂದ ಹತ್ತಿ ಮೊಗ್ಗಿನ ಗಂಡುಭಾಗ ಸುಲಿದು ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂ ತಂದು ಅದರ ಪರಾಗ ಮುಟ್ಟಿಸಬೇಕು. ಹಿಂದಿನ ದಿನ ಹೊಡೆದ ಔಷಧ ಎಲೆಯ ಮೇಲೆ ಒದ್ದೆಯಾಗಿಯೇ ಇರುತ್ತಿತ್ತು. ತಾಯಿ ನಲವತ್ತಾರಕ್ಕೆ ಕೆಮ್ಮಿ ಕೆಮ್ಮಿ ಸತ್ತಳು. ಅದು ಔಷಧದಿಂದಲೇ ಎಂದು ಯಾವ ವೈದ್ಯನೂ ಬರೆದುಕೊಡಲಿಲ್ಲ. ಕಸ್ತೂರಿಗೆ ಯಾರೂ ಬರೆದುಕೊಡುವುದು ಬೇಕಿರಲಿಲ್ಲ.

ಆಮೇಲೆ ಬಯಲಿನ ಹತ್ತಿಯೇ ಮುಗಿಯಿತು. ಗುಲಾಬಿ ಬಣ್ಣದ ಕಾಯಿಕೊರಕ ಹುಳ ಯಾವ ಔಷಧಕ್ಕೂ ಜಗ್ಗದೆ ಹೋಯಿತು. ಹೊಲಗಳಲ್ಲಿ ಹತ್ತಿ ಬೆಳೆಯುವುದು ನಿಂತು ಈಗ ಇಪ್ಪತ್ತು ವರ್ಷ. ಜನ ಪ್ಲಾಸ್ಟಿಕ್ ನೂಲಿನ ಬಟ್ಟೆ ಉಟ್ಟರು. ವರ್ಷದ ಐದು ತಿಂಗಳು ನಲವತ್ತನಾಲ್ಕು ಡಿಗ್ರಿ ಬಿಸಿಲು ಬೀಳುವ ನಾಡಿನಲ್ಲಿ ಆ ಬಟ್ಟೆಯೊಳಗೆ ಮೈ ಬೆಂದಿತು. ದೊಡ್ಡವರು ತುರಿಸಿಕೊಂಡು ಸುಮ್ಮನಾದರು. ಹಸುಗೂಸುಗಳ ಕುತ್ತಿಗೆ, ಕಂಕುಳ ಸುಲಿದು ಹೋಗುತ್ತಿದ್ದವು. ಹುಟ್ಟಿದ ಕೂಸನ್ನು ಸುತ್ತಲು ಮೊದಲು ಮನೆಯಲ್ಲಿ ಅಜ್ಜಿಯ ಹಳೆಯ ನೂಲಿನ ಸೀರೆ ಇರುತ್ತಿತ್ತು. ಈಗ ಅಜ್ಜಿಯರ ಸೀರೆಯೂ ಪ್ಲಾಸ್ಟಿಕ್ಕೇ.

ಅದಕ್ಕೇ ಮೂಕ ಹತ್ತಿ ಬಂದಾಗ ಜನ ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಮನೆಹತ್ತಿ ಯೋಜನೆಯ ನಿಯಮದಂತೆ ಮನೆಗೆ ಆರು ಕುಂಡ. ಹೊಲಕ್ಕೆ ಒಯ್ಯುವಂತಿಲ್ಲ, ಹಿತ್ತಿಲಲ್ಲೋ ಮಾಳಿಗೆಯ ಮೇಲೋ ಇಡಬೇಕು. ಬಿಡಿಸಿದ ಅರಳೆಯನ್ನು ವಾರ್ಡಿನ ಮಗ್ಗದ ಕೇಂದ್ರಕ್ಕೆ ಕೊಟ್ಟರೆ ಬಟ್ಟೆ ನೇಯ್ದು ಕೊಡುತ್ತಿದ್ದರು. ರಾಣೆಬೆನ್ನೂರಿನಲ್ಲೇ ಹನ್ನೊಂದು ಸಾವಿರ ಮನೆಗಳಲ್ಲಿ ಆರಾರು ಕುಂಡಗಳಿದ್ದವು.

ಶಿಕ್ಷಕರು ಚಹಾಕ್ಕೆ ಎದ್ದಾಗ ಕಸ್ತೂರಿಯ ಫೋನಿಗೆ ಒಂದು ವಿಡಿಯೋ ಬಂತು. ಕಳಿಸಿದವಳು ದ್ಯಾಮವ್ವ. ಎಪ್ಪತ್ತೆರಡರ ಮುದುಕಿ, ಹರೆಯದಲ್ಲಿ ಕಸ್ತೂರಿಯ ತಾಯಿಯ ಜೊತೆ ಕ್ರಾಸಿಂಗ್ ಕೆಲಸ ಮಾಡಿದವಳು. ಹಿಗ್ಗಿನಿಂದ ಒಂದೇ ಉಸಿರಿಗೆ ಹೇಳುತ್ತಿದ್ದಳು.

"ಮೇಡಮ್ಮಾರ, ನಿಮ್ಮ ಗಿಡ ಈಗ ಕಾಯಾಗಷ್ಟ ಅಲ್ಲರಿ, ಕಡ್ಡಿಗೂ ಹತ್ತಿ ಬಿಡಾಕತ್ತೈತಿ ನೋಡ್ರಿ. ಬುಡದಿಂದ ತುದೀತನಕ ಬೆಳ್ಳಗ ಅರಳೇತಿ. ನಮ್ಮ ಇಂಚರಾನ ಕೂಸಿಗೆ ತಲಿಗೆ ಕುಲಾವಿ, ಮೈಗೆ ಕುಂಚಿಗಿ, ಸಣ್ಣದೊಂದ ಕೌದಿ, ಎಲ್ಲಾ ಆಗತೈತಿ ಇನ್ನ."

ವಿಡಿಯೋದಲ್ಲಿ ಗಿಡದ ಕಾಂಡ, ಕವಲು, ಎಲೆಯ ತೊಟ್ಟು, ಎಲ್ಲದರ ಮೇಲೂ ಹಿಂಜಿದ ಅರಳೆಯಂಥ ಬಿಳಿಯ ಪದರ. ಕಸ್ತೂರಿ ಅದನ್ನು ಎರಡು ಸಲ ನೋಡಿದಳು. ಆಮೇಲೆ ಶಿಕ್ಷಕರಿಗೆ ಹೇಳದೆ ಕೇಳದೆ ಗಾಡಿ ಹತ್ತಿದಳು.

*

ದ್ಯಾಮವ್ವನ ಹಿತ್ತಿಲು ಒಂದು ಮಂಚ ಹಾಕುವಷ್ಟೇ ಅಗಲ. ಬಚ್ಚಲ ಗೋಡೆಗೆ ಒರಗಿಸಿದಂತೆ ಆರು ಗಿಡ. ಮೊಮ್ಮಗಳು ಇಂಚರಾ ಎಂಟು ತಿಂಗಳ ಹೊಟ್ಟೆ ಹೊತ್ತು ಬಾಗಿಲ ಮೆಟ್ಟಿಲ ಮೇಲೆ ಕುಳಿತು ಬೀಸಣಿಗೆ ಆಡಿಸಿಕೊಳ್ಳುತ್ತಿದ್ದಳು. ಪ್ಲಾಸ್ಟಿಕ್ ಕುಪ್ಪಸದ ತೋಳಿನ ಕೆಳಗೆ ಕೆಂಪು ಬರೆ ಎದ್ದಿತ್ತು.

"ಬರ್ರಿ, ಬರ್ರಿ. ಹೆಸರ ನೋಡಿದ್ರ ಕಸ್ತೂರಿ, ಮಾಡಿದ್ದ ನೋಡಿದ್ರ ವಾಸನಿ ಇಲ್ಲದ ಗಿಡ," ಎಂದು ದ್ಯಾಮವ್ವ ನಕ್ಕಳು. ಭೆಟ್ಟಿಯಾದಾಗಲೆಲ್ಲ ಅವಳು ಮಾಡುವ ಚೇಷ್ಟೆ ಅದು.

ಕಸ್ತೂರಿ ನಗಲಿಲ್ಲ. ಕಾಂಡದ ಮೇಲಿನ ಬಿಳಿ ಪದರವನ್ನು ಬೆರಳಿನಿಂದ ಒತ್ತಿದಳು. ಅದರೊಳಗೆ ಮೆತ್ತಗಿನದೇನೋ ಒಡೆದು ಬೆರಳಿಗೆ ಹಳದಿ ಅಂಟು ಹತ್ತಿತು.

"ಇದು ಹತ್ತಿ ಅಲ್ಲ ದೊಡ್ಡವ್ವಾ. ಹಿಟ್ಟು ತಿಗಣಿ."

ಮುದುಕಿ ಬಗ್ಗಿ ನೋಡಿದಳು. ಕಣ್ಣು ಸಾಲದೆ ಹೆಬ್ಬೆರಳ ಉಗುರಿನಿಂದ ಕೆರೆದಳು. ಆ ಉಗುರು ಮೂವತ್ತು ವರ್ಷ ಮೊಗ್ಗು ಸುಲಿದು ದಪ್ಪಗೆ, ಹಳದಿಯಾಗಿ, ಕೊಂಬಿನಂತಾಗಿತ್ತು. ಉಗುರ ತುದಿಯಲ್ಲಿ ಬಿಳಿಯದು ಕಾಲು ಆಡಿಸಿತು.

"ಅಯ್ಯ ಶಿವನ," ಎಂದಳು ಮೆಲ್ಲಗೆ. "ನಾ ದಿನಾ ಕೈ ಮುಗಿದೆನಲ್ಲ ಇದಕ್ಕ."

ಕಾಂಡದುದ್ದಕ್ಕೂ ಇರುವೆಗಳ ಸಾಲು ಹತ್ತಿ ಇಳಿಯುತ್ತಿತ್ತು. ಕಸ್ತೂರಿ ಆ ಸಾಲು ಹಿಡಿದು ಕೆಳಗೆ ಬಂದಳು. ಅದು ಕುಂಡದ ಮಣ್ಣಿಗೇ ಇಳಿದಿತ್ತು. ಕಡ್ಡಿಯಿಂದ ಮಣ್ಣು ಕೆದಕಿದಳು. ಕಪ್ಪಾದ ಬೆಲ್ಲದ ಗಟ್ಟಿ, ಕೊಳೆತ ಕಡುಬಿನ ಚೂರು, ಹೋಳಿಗೆಯ ಹೂರಣ, ಅರಿಸಿನ ಕುಂಕುಮ ಸಿಕ್ಕವು. ಆಗ ಕವಲುಗಳ ಕಡೆ ನೋಡಿದಳು. ಪ್ರತಿ ಗಿಡಕ್ಕೂ ಎರಡು ಹಸಿರು ಬಳೆ ತೊಡಿಸಿತ್ತು.

"ಏನಿದು?"

"ಏನಂತ ಕೇಳತೀರಲ್ಲ. ಸೀಗಿ ಹುಣ್ಣಿವಿ ಆತಲ್ಲ, ಏಳ ವಾರ ಆತು. ಕಾಯಿ ಕಟ್ಟಿದ ಪೈರಂದ್ರ ಬಸುರಿ. ಬಸುರೀಗೆ ಉಡಿ ತುಂಬಬಾರದ? ಮೊದಲ ಹೊಲಕ್ಕ ಹೋಗಿ ಚರಗಾ ಚೆಲ್ಲತಿದ್ವಿ, ಭೂಮಿತಾಯಿ ಉಣ್ಣಲಿ ಅಂತ ಕಡಬು, ಹೋಳಿಗಿ, ಎಲ್ಲಾ ದಿಕ್ಕಿಗೂ. ಈಗ ನಮಗ ಹೊಲಾ ಎಲ್ಲೈತಿ? ಹೊಲಾನ ಹಿತ್ತಲಕ್ಕ ಬಂದು ಕುಂತೈತಿ. ಕುಂಡದಾಗ ಚೆಲ್ಲಿದ್ವಿ."

"ನೀವೊಬ್ಬರನ?"

"ಊರಿಗೂರ ಚೆಲ್ಲೇತಿ. ನೀವ ಅಂದಿದ್ರಿ ಭಾಷಣದಾಗ. ಈ ಗಿಡ ಮನಿ ಮಗಳಿದ್ದಂಗ, ಚಂದಗೆ ನೋಡಕೊಳ್ರಿ ಅಂತ."

ಹೌದು, ಅವಳೇ ಹೇಳಿದ್ದಳು. ಪ್ರತಿ ವಾರ್ಡಿನಲ್ಲೂ ಮೈಕ್ ಹಿಡಿದು ಹೇಳಿದ್ದಳು. ಕಸ್ತೂರಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ತಿಳಿಯದೆ ಎದುರಿಗಿದ್ದವಳ ಮೇಲೆ ಇಳಿಯಿತು.

"ಮಗಳಿದ್ದಂಗ ಅಂದ್ರ ಕಡಬು ತಿನಸಬೇಕಂತ ಆತೇನು? ಉಣ್ಣಾಕ ಗಿಡಕ್ಕೇನ ಬಾಯೈತಿ?"

"ಇದ್ದ ಬಾಯಿ ನೀವ ಕಿತಗೊಂಡ್ರಲ್ಲ," ಎಂದಳು ದ್ಯಾಮವ್ವ.

ಮೆಟ್ಟಿಲ ಮೇಲೆ ಬೀಸಣಿಗೆಯ ಸದ್ದು ನಿಂತಿತು. ಕಸ್ತೂರಿ ಕುಂಡದ ಅಂಚಿಗೆ ಕುಕ್ಕರುಗಾಲಲ್ಲಿ ಕುಳಿತು, ಬೆರಳಿನ ಅಂಟನ್ನು ಮಣ್ಣಿಗೆ ಒರೆಸಿಕೊಂಡಳು. ಆಮೇಲೆ, ಪಾಠ ಹೇಳಿದಂತಲ್ಲದೆ, ತನಗೆ ತಾನೇ ಹೇಳಿಕೊಂಡಂತೆ ವಿವರಿಸಿದಳು.

ಹಿಟ್ಟು ತಿಗಣೆ ತಾನಾಗಿ ವಾಸನೆ ಹಿಡಿದು ಹಾರಿ ಬರುವ ಪ್ರಾಣಿಯಲ್ಲ. ಅದನ್ನು ಹೊತ್ತು ತರುವುದು ಇರುವೆ. ತಿಗಣೆ ಗಿಡದ ರಸ ಹೀರಿ ಹಿಂದಿನಿಂದ ಸಿಹಿ ಹನಿ ಬಿಡುತ್ತದೆ. ಆ ಹನಿಗಾಗಿ ಇರುವೆ ಅದನ್ನು ಆಕಳು ಸಾಕಿದಂತೆ ಸಾಕುತ್ತದೆ, ಕಾಯುತ್ತದೆ, ಒಂದು ಗಿಡದಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಬೆಲ್ಲದ ವಾಸನೆಗೆ ಕುಂಡ ಹುಡುಕಿ ಬಂದ ಇರುವೆ ತನ್ನ ದನಗಳನ್ನೂ ಕರೆತಂದಿತ್ತು. ಹಳೆಯ ಹತ್ತಿಯಾಗಿದ್ದರೆ ತಿಗಣೆ ಚುಚ್ಚಿದ ಕೂಡಲೇ ಎಲೆ ಬೇರೆಯದೇ ಒಂದು ವಾಸನೆ ಬಿಡುತ್ತಿತ್ತು. ಅದು ಕೂಗು. ಆ ಕೂಗಿಗೆ ಎಳ್ಳಿಗಿಂತ ಸಣ್ಣ ಕಣಜಗಳು ಬರುತ್ತಿದ್ದವು, ತಿಗಣೆಯ ಮೈಯೊಳಗೇ ತತ್ತಿ ಇಟ್ಟು ಅದನ್ನು ಒಳಗಿನಿಂದ ತಿಂದು ಮುಗಿಸುತ್ತಿದ್ದವು.

"ಶತ್ರು ಬರಬಾರದಂತ ನಾ ಬಾಯಿ ಮುಚ್ಚಿದ್ದೆ," ಎಂದಳು. "ಬಳಗಾನೂ ಅದೇ ಬಾಯಿಲೇ ಕರಿತಿತ್ತು. ಈಗ ಸಾಯಾಕತ್ತೈತಿ, ಯಾರನ್ನೂ ಕರಿಯಾಕ ಬರವಲ್ದು ಅದಕ್ಕ."

ದ್ಯಾಮವ್ವ ಒಳಗೆ ಹೋಗಿ ಒಂದು ತಲೆದಿಂಬಿನ ಚೀಲ ತಂದಳು. ಅರ್ಧ ತುಂಬಿತ್ತು. ಎರಡು ಸಲ ಬಿಡಿಸಿದ ಅರಳೆ, ಕೂಸಿಗೆಂದು ಕೂಡಿಟ್ಟದ್ದು. ನಿನ್ನೆಯವರೆಗೂ ಗಿಡದ ಪಕ್ಕದ ಗೂಟಕ್ಕೇ ತೂಗುಹಾಕಿದ್ದಳಂತೆ.

"ಇದಕ್ಕೇನೂ ಆಗಿಲ್ಲಲ್ಲ?"

ಕಸ್ತೂರಿ ಚೀಲದೊಳಗೆ ಕೈ ಹಾಕಿದಳು. ಅರಳೆ ಅಂಟಿಕೊಂಡು ಮುದ್ದೆಯಾಗಿತ್ತು. ಹೊರತೆಗೆದ ಕೈಯ ಮೇಲೆ ಬಿಳಿಯವು ಹರಿದಾಡಿದವು.

*

ಎರಡು ದಿನದಲ್ಲಿ ಊರಿನ ಅರ್ಧ ಹಿತ್ತಿಲು ಬೆಳ್ಳಗಾಗಿದೆ ಎಂದು ವರದಿ ಬಂತು. ಮನೆಹತ್ತಿ ಯೋಜನೆಯ ನಿರ್ದೇಶಕ ಹಂಪಿಹೊಳಿ ಧಾರವಾಡದಿಂದ ಬಂದಿದ್ದ. ಕೆಟ್ಟ ಮನುಷ್ಯನಲ್ಲ. ನಿದ್ದೆಗೆಟ್ಟು ಅವನ ಕಣ್ಣೂ ಕೆಂಪಾಗಿದ್ದವು.

"ಔಷಧ ತರಸೇನಿ ಮೇಡಂ. ನಾಳಿಂದ ಮನಿ ಮನಿಗೆ ಹೋಗಿ ಹೊಡಸೂದು. ಎರಡ ಸಲ ಹೊಡದ್ರ ಸಾಕಂತ ಹೇಳ್ಯಾರ."

"ಎಲ್ಲಿ ಹೊಡಸ್ತೀರಿ?"

"ಹಿತ್ತಲದಾಗ. ಕುಂಡ ಎಲ್ಲಿ ಅದಾವ ಅಲ್ಲಿ."

"ಹಿತ್ತಲದಾಗ ಏನೇನ ಇರತಾವ ನೋಡೀರೇನು? ಕುಡಿಯೂ ನೀರಿನ ಹಂಡೆ ಇರತೈತಿ. ಹಪ್ಪಳ ಒಣಗಿಸಿರತಾರ. ತೊಟ್ಟಿಲಾ ಕಟ್ಟಿರತಾರ. ಬಯಲಾಗ ಹೊಡದಿದ್ದನ್ನ ಅಡಗಿಮನಿ ಬಾಗಲಕ್ಕ ತಂದ ಹೊಡಿತೀನಂತೀರಲ್ಲ. ಬಯಲಾಗ ಹೊಡದು ಏನ ಗಳಿಸಿದ್ವಿ?"

"ಹಂಗಾದ್ರ ಇನ್ನೊಂದ ದಾರಿ ಹೇಳ್ರಿ."

"ಕಿತ್ತು ಸುಡೂದು."

"ಎಲ್ಲಾ?"

"ಎಲ್ಲಾ."

"ನಿಮ್ಮ ಇಪ್ಪತ್ತ ವರ್ಷದ ಕೆಲಸರಿ ಇದು."

"ನನಗ ಗೊತ್ತೈತಿ, ಎಷ್ಟ ವರ್ಷ ಅಂತ."

"ಸುಟ್ಟಮ್ಯಾಲೆ? ಹೊಸಾದು ಹಚ್ಚಿದ್ರ ಅವಕ್ಕೂ ಇರವಿ ಬರಂಗಿಲ್ಲೇನ್ರಿ?"

ಕಸ್ತೂರಿ ಎದ್ದು ಹೊರಗೆ ಬಂದಳು. ಎಲ್ಲಿಗೆ ಹೋಗುವುದೆಂದು ತೋಚದೆ ಕಾಲು ರೂಢಿಯ ದಾರಿ ಹಿಡಿದು ಪತಂಗದ ಬಲೆಮನೆಗೇ ಬಂದವು. ಆಟ ಇಲ್ಲದ ದಿನ. ಪರದೆ ಸರಿಸಿತ್ತು, ಒಳಗೆ ಬಿಸಿಲು ಬಿದ್ದಿತ್ತು. ಬಲಗಡೆಯ ಮೂಕ ಗಿಡಕ್ಕೂ ಆಗಷ್ಟೇ ಬಿಳಿ ಹತ್ತತೊಡಗಿತ್ತು. ಮಾಬೂಸಾಬ ಹೂಜಿಯಿಂದ ಎಡಗಡೆಯ ಗಿಡಕ್ಕೆ ನೀರು ಹಾಕುತ್ತಿದ್ದ. ಆ ಗಿಡವನ್ನು ಆಟಕ್ಕೆ ಬೇಕೆಂದು ಇಟ್ಟದ್ದು, ತನ್ನ ಪಕ್ಕದ ಗಿಡ ಚೆಂದ ಕಾಣಲಿ ಎಂದು. ಎಂಟು ವರ್ಷದಲ್ಲಿ ಯಾರೂ ಅದನ್ನು ಅದಕ್ಕಾಗಿಯೇ ನೋಡಿರಲಿಲ್ಲ.

"ಸಾಬರ, ಇದಕ್ಕ ಏನರೆ ಹಾಕತೀರೇನು? ಔಷಧ, ಬೂದಿ, ಏನರೆ?"

"ನೀರ ಬಿಟ್ಟ ಏನೂ ಇಲ್ಲರಿ. ಹುಳಕ್ಕ ಇಟ್ಟ ಗಿಡಕ್ಕ ಯಾರ ಔಷಧ ಹಾಕತಾರ್ರಿ?"

ಕಸ್ತೂರಿ ಬಲೆಯೊಳಗೆ ಹೋದಳು. ಎಲೆ ಜರಡಿಯಾಗಿತ್ತು, ಸರಿ. ಕಾಯಿಗಳಲ್ಲಿ ಅರ್ಧಕ್ಕರ್ಧ ತೂತಾಗಿದ್ದವು. ಆದರೂ ಅದು ಎಂಟು ವರ್ಷದಿಂದ ಅಲ್ಲೇ ನಿಂತಿತ್ತು, ಪ್ರತಿ ವರ್ಷ ಚಿಗುರಿತ್ತು. ಕಾಂಡದ ಕೆಳಭಾಗದಲ್ಲಿ ಹಿಟ್ಟು ತಿಗಣೆಗಳಿದ್ದವು. ಅವಳು ಜೇಬಿನ ಭೂತಕನ್ನಡಿ ತೆಗೆದು ಬಗ್ಗಿದಳು. ಬಿಳಿ ಇರಲಿಲ್ಲ. ಕಂದುಬಣ್ಣಕ್ಕೆ ತಿರುಗಿ, ಉಬ್ಬಿ, ಒಣಗಿ ಬರೀ ತೊಗಟೆಯಾಗಿದ್ದವು. ಪ್ರತಿಯೊಂದರ ಬೆನ್ನಿನಲ್ಲೂ ಸೂಜಿಯಿಂದ ಕೊರೆದಂಥ ಒಂದು ದುಂಡು ತೂತು. ಕಣಜ ಹುಟ್ಟಿ ಹೊರಬಿದ್ದ ಬಾಗಿಲು ಅದು. ಪತಂಗ ದಾಟಲಾಗದ ಬಲೆಯ ಕಣ್ಣನ್ನು ಅವು ದಾಟಿ ಬಂದಿದ್ದವು, ಈ ಹರಕು ಗಿಡದ ಕೂಗು ಕೇಳಿ.

ಅವಳು ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟಳು. ಖುಷಿಯಾಗಬೇಕಿತ್ತು. ಮೈಯೆಲ್ಲ ದಣಿವು ತುಂಬಿತು. ಎಂಟು ವರ್ಷ ಈ ಗಿಡದ ಪಕ್ಕ ನಿಂತು ಅದನ್ನು ನಗೆಪಾಟಲು ಮಾಡಿದ್ದಳು.

ಹಂಪಿಹೊಳಿಗೆ ಅವಳು ಹೇಳಿದ್ದು ಇಷ್ಟು. ಈಗಿನವನ್ನೆಲ್ಲ ಕಿತ್ತು ಸುಡಬೇಕು. ಜೂನಿನ ಮಿರುಗದ ಮಳೆಗೆ ಹೊಸದಾಗಿ ನೆಡುವಾಗ ಮನೆಗೆ ಆರು ಮೂಕ ಗಿಡದ ಜೊತೆ ಮಾತಾಡುವ ಗಿಡವೊಂದನ್ನು, ಈ ಹರಕು ಗಿಡದ ಮರಿಯನ್ನು ಕೊಡಬೇಕು. ಹಿತ್ತಿಲಿಗೆ ಬಂದ ಪತಂಗ ಅದರ ಮೇಲೆ ತತ್ತಿ ಇಡಲಿ. ತಿಗಣೆ ಬಂದಾಗ ಅದು ಕೂಗಲಿ. ಕೂಗಿಗೆ ಬಂದ ಕಣಜ ಅಲ್ಲೇ ಮನೆ ಮಾಡಿ, ಸಂಸಾರ ಬೆಳೆದಂತೆ ಪಕ್ಕದ ಆರು ಗಿಡಗಳ ಮೇಲೂ ಹರಡುತ್ತದೆ.

"ಅಂದ್ರ ಏಳನೇ ಗಿಡದ ಹತ್ತಿ ಮನಿಯವರಿಗಿಲ್ಲ."

"ಹುಳಾ ತಿಂದು ಉಳಿದಿದ್ದು."

"ಹುಳಕ್ಕಂತ ಒಂದ ಕುಂಡ ಯಾರ ಇಡತಾರ್ರಿ? ಜಾಗಾನ ಇಲ್ಲ ಜನರಿಗೆ. ಸುಮ್ಮನ ಒಗದಬಿಡತಾರ."

ಅವನು ಹೇಳಿದ್ದು ನಿಜವೆಂದು ಕಸ್ತೂರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

*

ಕೀಳಲು ವಾರ್ಡಿಗೆ ಇಬ್ಬಿಬ್ಬರು ಆಳು ಬಂದರು. ದ್ಯಾಮವ್ವ ಅವರನ್ನು ಹಿತ್ತಿಲಿಗೆ ಬಿಡಲಿಲ್ಲ. ತಾನೇ ಒಂದೊಂದು ಗಿಡದ ಬಳೆ ಬಿಚ್ಚಿ, ಬುಡ ಅಲ್ಲಾಡಿಸಿ, ಕಿತ್ತಳು. ಆರನ್ನೂ ಗೋಣಿಗೆ ತುಂಬಿ, ಕೊನೆಗೆ ತಲೆದಿಂಬಿನ ಚೀಲವನ್ನೂ ಅದರೊಳಗೆ ತುರುಕಿದಳು. ಇಂಚರಾ ಒಳಗೆ ಎದ್ದು ಹೋಗಿದ್ದಳು.

ಹೊಗೆ ಏಳುವಾಗ ಕಸ್ತೂರಿ ಒಂದು ಕಾಗದದ ಪೊಟ್ಟಣ ಕೊಟ್ಟಳು.

"ಏನ್ರಿ ಇದು?"

"ಎಂಟ ಕಾಯಿದು. ಹರಕ ಗಿಡದ್ದು."

ಅರಳೆ ಬಿಳಿ ಇರಲಿಲ್ಲ. ಹುಳ ಓಡಾಡಿದಲ್ಲೆಲ್ಲ ಹಳದಿ ಕಲೆ, ಅರ್ಧರ್ಧ ತಿಂದುಬಿಟ್ಟ ತೊಳೆಗಳು. ದ್ಯಾಮವ್ವ ಒಂದು ತೊಳೆ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಎಳೆದು ನೋಡಿದಳು. ಎಳೆ ಬಂತು. ಆಮೇಲೆ ಅದನ್ನು ಮೂಗಿಗೆ ಹಿಡಿದಳು.

"ವಾಸನಿ ಐತಿ," ಎಂದಳು. ಬಹಳ ಹೊತ್ತು ಮೂಸಿದಳು. "ನಿಮ್ಮವ್ವನ ಸೆರಗಿಗೆ ಹಿಂಗ ವಾಸನಿ ಬರತಿತ್ತು."

ಕಸ್ತೂರಿ ಹೊಗೆಯ ಕಡೆ ಮುಖ ತಿರುಗಿಸಿದಳು.

"ಕುಂಚಿಗಿ ಆಗೂದಿಲ್ಲ ಇದರಾಗ. ಒಂದ ಕುಲಾವಿ ಆದೀತು. ಆಗಲಿ, ನೆತ್ತೀಗರೆ ಹಿತಾ ಆಗತೈತಿ."

ಕೂಸು ಜನವರಿಯಲ್ಲಿ ಹುಟ್ಟಿತು. ಹೆಣ್ಣು. ಬೇಸಿಗೆ ಬಂದಾಗ ಅದರ ಕುತ್ತಿಗೆ ಸುಲಿಯಿತು, ಕಂಕುಳ ಸುಲಿಯಿತು, ಓಣಿಯ ಎಲ್ಲ ಕೂಸುಗಳದೂ ಸುಲಿದಂತೆ. ನೆತ್ತಿ ಮಾತ್ರ ನುಣ್ಣಗಿತ್ತು. ಹಳದಿ ಕಲೆಯ ಕುಲಾವಿಯನ್ನು ಇಂಚರಾ ದಿನಾ ಒಗೆದು, ದಿನಾ ಒಣಗಿಸಿ, ದಿನಾ ತೊಡಿಸಿದಳು.

ಮಿರುಗದ ಮಳೆ ಬಿದ್ದ ವಾರ ಕಸ್ತೂರಿ ಸಸಿ ಹಂಚಲು ತಾನೇ ಓಣಿಗೆ ಬಂದಳು. ಆರು ಸಸಿಗೆ ಬಿಳಿ ಚೀಟಿ, ಏಳನೆಯದಕ್ಕೆ ಕೆಂಪು ಚೀಟಿ. ಕೆಂಪು ಚೀಟಿಯ ಮೇಲೆ ಏನು ಬರೆಯಬೇಕೆಂದು ಅವಳು ಹದಿನೈದು ದಿನ ತಲೆ ಕೆಡಿಸಿಕೊಂಡಿದ್ದಳು. ಕೊನೆಗೆ, ಇದನ್ನು ಒಗೆಯಬೇಡಿರಿ, ಉಳಿದ ಆರನ್ನು ಕಾಯುವುದು ಇದೇ, ಎಂದು ಬರೆಸಿದ್ದಳು.

"ಇದೇಳನೇದು ಯಾರದು?" ಎಂದು ದ್ಯಾಮವ್ವ ಕೇಳಿದಳು. ಮಡಿಲಲ್ಲಿ ಕೂಸು ಕುಲಾವಿ ಎಳೆದುಕೊಂಡು ಬಾಯಿಗಿಡುತ್ತಿತ್ತು.

"ಹುಳದ್ದು."

"ಹುಳದ್ದಾ?" ಮುದುಕಿ ಒಂದು ಗಳಿಗೆ ಯೋಚಿಸಿದಳು. "ಹಂಗಾರ ಚರಗದ ಗಿಡ ಅನ್ರಿ. ನೀವ ಗಿಡದಾಗ ಅವಕ್ಕ ಪಾಲ ಇಟ್ಟಿರಲಿಲ್ಲ, ನಾವ ಕಡಬಿನಾಗ ಇಟ್ವಿ. ಮೊದಲ ಇದನ್ನ ಕೊಟ್ಟಿದ್ರ ಬೆಲ್ಲಾನರೆ ಉಳಿತಿತ್ತು."

ಕಸ್ತೂರಿ ಆರು ತಿಂಗಳಲ್ಲಿ ಮೊದಲ ಸಲ ನಕ್ಕಳು. ಇಷ್ಟು ಸುಲಭಕ್ಕೆ ಯಾರಾದರೂ ಒಪ್ಪಿಕೊಳ್ಳುತ್ತಾರೆಂದು ಅವಳು ಎಣಿಸಿರಲಿಲ್ಲ.

"ನಗಬ್ಯಾಡ್ರಿ," ಎಂದಳು ದ್ಯಾಮವ್ವ. "ನಾ ಇಡತೇನಿ. ನಾ ಸಾಯೂತನಕ ಇಡತೇನಿ. ಓಣ್ಯಾಗ ಎಲ್ಲಾರೂ ಈ ವರ್ಷ ಇಡತಾರ, ಹೋದ ವರ್ಷದ್ದು ನೆನಪೈತಿ. ಬರೂ ವರ್ಷಾನೂ ಇಟ್ಟಾರು. ಮೂರನೇ ವರ್ಷಕ್ಕ ಆ ಕುಂಡದಾಗ ಮೆಣಸಿನಗಿಡ ಹಚ್ಚತಾರ, ನೋಡಕೋರಿ ಬೇಕಾದ್ರ. ಹುಳಾ ತಿನ್ನೂದು ಕಣ್ಣಿಗೆ ಕಾಣತೈತಿ ಯವ್ವಾ. ಕಾಯೂದು ಕಾಣಂಗಿಲ್ಲ."

"ಚೀಟ್ಯಾಗ ಬರಸೇನಲ್ಲ ದೊಡ್ಡವ್ವಾ."

"ಚೀಟಿ ಯಾರ ಓದತಾರ?"

ಕಸ್ತೂರಿ ಕೈಯಲ್ಲಿದ್ದ ಕೆಂಪು ಚೀಟಿಯನ್ನೇ ನೋಡುತ್ತ ನಿಂತಳು.

ಹಿಂದೆ ಒಮ್ಮೆ ಅವಳೂ ಇಂಥದೊಂದು ಚೀಟಿ ಓದಿದ್ದಳು. ಅವಳಿಗೆ ಆಗ ಒಂಬತ್ತು ವರ್ಷ, ಊರ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಬಿತ್ತುವ ದಿನ ಅಪ್ಪ ಹತ್ತಿ ಬೀಜದ ಪಾಕೀಟು ಹರಿದ. ದೊಡ್ಡ ಪಾಕೀಟಿನ ಜೊತೆ ಒಂದು ಸಣ್ಣ ಚೀಲ ಬಂದಿತ್ತು. ದೊಡ್ಡದರಲ್ಲಿದ್ದದ್ದು ಹುಳ ಕೊಲ್ಲುವ, ಆ ಕಾಲದ ಹೊಸ ಹತ್ತಿ. ಸಣ್ಣದರಲ್ಲಿದ್ದದ್ದು ಸಾದಾ ಹತ್ತಿ. ಹೊಲದ ಸುತ್ತ ಐದು ಸಾಲು ಸಾದಾ ಗಿಡವಿದ್ದರೆ ಹುಳ ಅಲ್ಲಿ ತಿಂದುಕೊಂಡು ಇರುತ್ತದೆ, ಹೊಸ ಹತ್ತಿಯ ವಿಷ ಅರಗಿಸಿಕೊಳ್ಳುವುದನ್ನು ಬೇಗ ಕಲಿಯುವುದಿಲ್ಲ. ಇದು ಅವಳಿಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಆ ಹೊತ್ತಿಗೆ ಹುಳ ಕಲಿತು ಮುಗಿಸಿತ್ತು.

"ಏನ ಬರದಾರ ಓದ ಬೇ," ಎಂದಿದ್ದ ಅಪ್ಪ.

ಅವಳು ಬದುವಿನ ಮೇಲೆ ನಿಂತು ದೊಡ್ಡ ದನಿಯಲ್ಲಿ ಓದಿದ್ದಳು. ಕನ್ನಡದಲ್ಲೇ ಬರೆದಿತ್ತು. ಹೊಲದ ಸುತ್ತ ಇದನ್ನು ತಪ್ಪದೇ ಬಿತ್ತಿರಿ.

"ಹುಳಕ್ಕ ಬಿತ್ತಬೇಕಂತೇನು?" ಎಂದು ಅಪ್ಪ ನಕ್ಕ. "ಒಗಿ ಅತ್ತಾಗ."

ಅವಳು ಕೈ ಬೀಸಿ ಕಾಲುವೆಗೆ ಒಗೆದಳು. ಸಣ್ಣ ಚೀಲ ಮುಳುಗಲಿಲ್ಲ, ನೀರಿನ ಮೇಲೆ ತೇಲಿಕೊಂಡು ಹೊರಟಿತು. ಅವಳು ಅದನ್ನೇ ನೋಡುತ್ತ ನಿಂತಿದ್ದಾಗ ಮೇಲಿನ ಹೊಲದವರು ಒಗೆದದ್ದು ಒಂದು ತೇಲಿ ಬಂತು. ಅದರ ಹಿಂದೆ ಇನ್ನೊಂದು ಬಂತು. ಅದರ ಹಿಂದೆ ಮತ್ತೆರಡು.